ವೋಲ್ಗಾಕ್ಕೆ ಆರು ಲೀಟರ್ ಎಣ್ಣೆ

ಅಕ್-ತೊರ್ಪೊಕ್ ಜಿಲ್ಲೆಯಲ್ಲಿ ಹಳೆಯ ಕಾರು ರಸ್ತೆಗೆ ಇಳಿಯಬೇಕಾದರೆ ಅದರ ಮುಂದೆ ಒಂದು ಕುದುರೆ ಕಟ್ಟಿರಬೇಕು. ಇದು ನಿಯಮ. ನಿಯಮಕ್ಕೆ ನಂಬರಿದೆ, ತಾರೀಖಿದೆ, ಕೆಳಗೆ ಆರು ಜನರ ಸಹಿ ಇದೆ, ಸಹಿಗಳ ಮೇಲೆ ದುಂಡು ಮೊಹರಿದೆ.

ನಿಯಮವೇನೂ ಆಕಾಶದಿಂದ ಉದುರಿದ್ದಲ್ಲ. ಒಂದು ಅರ್ಜಿಯಿಂದ ಹುಟ್ಟಿದ್ದು. ಆ ಅರ್ಜಿ ಬರೆದವಳು ಕಲೀಪಾ. ಆಮೇಲೆ ಅವಳು ಜನ್ಮದಲ್ಲಿ ಇನ್ನೊಂದು ಅರ್ಜಿ ಬರೆದಿಲ್ಲ.

ಕಲೀಪಾಗೆ ಅರವತ್ತೆಂಟು ವರ್ಷ. ಇಪ್ಪತ್ತೆರಡರಲ್ಲಿ ಜಿಲ್ಲಾ ಕಚೇರಿಯ ವೋಲ್ಗಾ ಕಾರಿನ ಸ್ಟಿಯರಿಂಗ್ ಹಿಡಿದಳು. ಹಿಂದಿನ ಸೀಟಿನ ಸಾಹೇಬರು ಬದಲಾದರು, ಕಚೇರಿ ಗೋಡೆಯ ಫೋಟೋಗಳು ಬದಲಾದವು, ಕಡೆಗೆ ದೇಶದ ಹೆಸರೇ ಬದಲಾಯಿತು. ಕಾರು ಅದೇ, ಡ್ರೈವರ್ ಅವಳೇ. ದಂತದ ಬಣ್ಣದ ಕಾರು, ಮೂತಿಯ ಮೇಲೆ ಹಾರುತ್ತಿರುವ ಜಿಂಕೆ. ಜಿಂಕೆಗೆ ಒಂದು ಕೊಂಬಿಲ್ಲ. ಅದನ್ನು ಮುರಿದದ್ದು ಯಾರೆಂದು ಕಲೀಪಾಗೆ ಗೊತ್ತು, ಆದರೆ ಆತ ಈಗ ರಾಜಧಾನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ಹೇಳುವುದು ಬೇಡ.

ನಿವೃತ್ತಿಯ ದಿನ ಅವಳಿಗೆ ಒಂದು ಟೀ ಸೆಟ್ಟು ಕೊಟ್ಟು ಕಳಿಸಿದರು. ಶೆಡ್ಡಿನ ಕೀಲಿ ವಾಪಸು ಕೇಳುವುದನ್ನು ಮರೆತರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹಾಲು ಕರೆದು, ತಲೆಗೆ ಚೌಕ ಕಟ್ಟಿಕೊಂಡು, ಕಲೀಪಾ ಶೆಡ್ಡಿಗೆ ಹೋಗಿ ವೋಲ್ಗಾವನ್ನು ಎಬ್ಬಿಸುತ್ತಾಳೆ. ಅದು ಮೊದಲು ಕೆಮ್ಮುತ್ತದೆ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತದೆ, ಆಮೇಲೆ ಒಲೆಯ ಪಕ್ಕದ ಬೆಕ್ಕಿನ ಹಾಗೆ ಗುರುಗುಡುತ್ತದೆ. ಕಾಲು ಗಂಟೆ ಗುರುಗುಡಿಸಿ, ಡ್ಯಾಷ್‌ಬೋರ್ಡಿನ ಡಬ್ಬದಲ್ಲಿರುವ ಹಳೆಯ ನೋಟುಬುಕ್ಕಿನಲ್ಲಿ ಅವಳು ಬರೆಯುತ್ತಾಳೆ: "ಎದ್ದಿತು."

ಆ ಕಾರು ಕುಡಿಯುತ್ತಿದ್ದುದು ಟ್ರ್ಯಾಕ್ಟರ್ ಕಾಲದ ಸಾದಾ ಎಣ್ಣೆ. ದಪ್ಪನೆಯ, ಕಂದು ಬಣ್ಣದ, ತನ್ನ ಬಗ್ಗೆ ಏನೂ ಹೇಳಿಕೊಳ್ಳದ ಎಣ್ಣೆ. ಬಜಾರಿನ ಬಾಗಿಲಲ್ಲಿ ಜೋಲ್ಚು ಎನ್ನುವವನು ಡ್ರಮ್ಮಿನಿಂದ ಅಳೆದು ಕೊಡುತ್ತಾನೆ, ಡಬ್ಬಿ ನಾವೇ ಒಯ್ಯಬೇಕು. ಇಷ್ಟು ವರ್ಷ ಕಲೀಪಾ ತಾನೇ ಒಯ್ದಳು, ತಾನೇ ತಂದಳು.

ಹೋದ ವಸಂತದಲ್ಲಿ ಜಿಲ್ಲೆಗೆ ತೊಂಬತ್ತು ತುಂಬುವುದಿತ್ತು. ಜಿಲ್ಲೆಯ ಮುಖ್ಯಸ್ಥ, ಅಕಿಮ್ ಎನ್ನುವ ಪದವಿಯ ಎಸೆನ್‌ಗುಲ್, ಹಬ್ಬದ ದಿನ ವೋಲ್ಗಾದಲ್ಲಿ ಕೂತು ಬಜಾರಿನಿಂದ ಕುದುರೆ ಮೈದಾನದ ತನಕ ಮೆರವಣಿಗೆ ಹೋಗುವುದೆಂದು ತೀರ್ಮಾನಿಸಿದ. ಓಡಿಸುವವಳು ಕಲೀಪಾ. ಕಾರು ಅಷ್ಟು ದೂರ ಓಡಿದರೆ ಸರಿ, ಓಡದಿದ್ದರೆ ಎಂಜಿನ್ ಕಿತ್ತು ಗುಜರಿಗೆ ಹಾಕಿ, ಉಳಿದದ್ದನ್ನು ಕಚೇರಿಯ ಎದುರು ಸಿಮೆಂಟು ಕಟ್ಟೆಯ ಮೇಲೆ ನಿಲ್ಲಿಸುವುದೆಂದೂ ಅದೇ ಉಸಿರಿನಲ್ಲಿ ತೀರ್ಮಾನವಾಯಿತು. ಆ ಊರಿನಲ್ಲಿ ಕಟ್ಟೆ ಹತ್ತಿದ್ದು ಯಾವುದೂ ಕೆಳಗಿಳಿದದ್ದಿಲ್ಲ. ಪಾರಿವಾಳಗಳಿಗೆ ಮಾತ್ರ ಅದರಿಂದ ಲಾಭ.

ಎಣ್ಣೆ ಬದಲಿಸುವ ಕಾಲವೂ ಬಂದಿತ್ತು. ಎಂದಿನಂತೆ ಡಬ್ಬಿ ಹಿಡಿದು ಹೊರಟ ಕಲೀಪಾಳನ್ನು ಕಚೇರಿಯ ಗುಮಾಸ್ತೆ ಜಾಜ್ಗುಲ್ ಬಾಗಿಲಲ್ಲೇ ತಡೆದಳು. ಒಳ್ಳೆಯ ಹುಡುಗಿ, ಹಿರಿಯ ಹೆಂಗಸರನ್ನೆಲ್ಲ ಅಪಾ ಎಂದು ಕರೆಯುವವಳು, ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವವಳು. ಬಂದ ಕಷ್ಟವೆಲ್ಲ ಅದರಿಂದಲೇ.

"ಅಪಾ, ಸರ್ಕಾರಿ ಕಾರಿಗೆ ನೀವ್ಯಾಕೆ ಎಣ್ಣೆ ಹೊರ್ತೀರಿ? ಎರಡು ಸಾಲು ಅರ್ಜಿ ಬರೀರಿ. ನಾನು ಒಳಗೆ ಕೊಡ್ತೀನಿ."

ಕಲೀಪಾ ಬರೆದಳು: ಆರು ಲೀಟರ್ ಸಾದಾ ಎಣ್ಣೆ ಬೇಕು, ಜೋಲ್ಚು ಅಂಗಡಿಯಲ್ಲಿ ಸಿಗುತ್ತದೆ.

ಮೂರನೆಯ ದಿನ ಆದೇಶ ಹೊರಬಿತ್ತು. "ಐತಿಹಾಸಿಕ ಮಹತ್ವದ ವಾಹನಕ್ಕೆ ಯೋಗ್ಯ ಎಂಜಿನ್ ಆಯಿಲ್ ಆರಿಸುವ ಸಲುವಾಗಿ ಉನ್ನತ ಸಮಿತಿಯನ್ನು ಈ ಮೂಲಕ ರಚಿಸಲಾಗಿದೆ. ಸಮಿತಿಯು ಎಣ್ಣೆಯನ್ನು ಬಣ್ಣ, ಪರಿಮಳ, ಗೌರವ ಮುಂತಾದ ಎಲ್ಲ ದೃಷ್ಟಿಯಿಂದ ಪರಿಶೀಲಿಸತಕ್ಕದ್ದು." ಅಧ್ಯಕ್ಷ ಅಕಿಮ್. ಸದಸ್ಯರು ಅಗ್ನಿಶಾಮಕದ ಮುಖ್ಯಸ್ಥ, ಪಶುವೈದ್ಯ ಕುಬಾತ್, ಸಂಸ್ಕೃತಿ ಇಲಾಖೆಯ ದಿನಾರಾ, ಭೂದಾಖಲೆಯ ಸಾಹೇಬ, ಮತ್ತು ಹಿರಿಯರ ಮಂಡಳಿಯಿಂದ ಎಂಬತ್ತನಾಲ್ಕು ವರ್ಷದ ಅಕ್ಸಕಾಲ್ ಬಾಯ್‌ದೊಲೊತ್. ಅಕ್ಸಕಾಲ್ ಅಂದರೆ ಬಿಳಿ ಗಡ್ಡದ ಹಿರಿಯ. ಅವರಿಲ್ಲದೆ ಆ ಊರಲ್ಲಿ ಮಗುವಿಗೆ ಹೆಸರೂ ಇಡುವುದಿಲ್ಲ. ನಡಾವಳಿ ಬರೆಯಲು ಜಾಜ್ಗುಲ್.

ಕಲೀಪಾ ಪಟ್ಟಿಯನ್ನು ಎರಡು ಸಲ ಓದಿದಳು. "ನನ್ನ ಹೆಸರು ಎಲ್ಲಿ ಮಗಳೇ?"

"ನಿಮಗೆ ಹಿತಾಸಕ್ತಿ ಇದೆಯಂತೆ ಅಪಾ. ಕಾರು ಓಡಬೇಕು ಅಂತ ಆಸೆ ಇರೋರು ಸಮಿತಿಯಲ್ಲಿ ಕೂರೋ ಹಾಗಿಲ್ಲ."

"ಉಳಿದವರಿಗೆ ಆ ಆಸೆ ಇಲ್ವಾ?"

ಜಾಜ್ಗುಲ್ ಕಡತ ತಿರುವಿ ನೋಡಿದಳು. "ಇದೆ ಅಂತ ಎಲ್ಲೂ ಬರೆದಿಲ್ಲ. ಆದ್ರೆ ನೀವು ಚಹಾ ಕೊಡಬಹುದು. ಚಹಾಕ್ಕೆ ಅಭ್ಯಂತರ ಇಲ್ಲ."

ಹಾಗಾಗಿ ಕಲೀಪಾ ಆರು ದಿನ ಸಮಿತಿಗೆ ಚಹಾ ಕೊಟ್ಟಳು.

ಮೊದಲನೆಯ ದಿನ ಅಕಿಮ್ ಮೇಜಿನ ಮೇಲೆ ಚಿನ್ನದ ಬಣ್ಣದ ಡಬ್ಬಿ ಇಟ್ಟ. ರೇಸ್ ಕಾರಿನ ಎಣ್ಣೆ, ನೀರಿನಷ್ಟು ತೆಳು. ಅವನ ಭಾವಮೈದುನ ಮಾರುತ್ತಾನೆ. ಮಾರುತ್ತಾನೆ ಎನ್ನುವುದಕ್ಕೂ ಎಣ್ಣೆಯ ಗುಣಕ್ಕೂ ಸಂಬಂಧವಿಲ್ಲ ಎಂದು ನಡಾವಳಿಯಲ್ಲಿ ದಾಖಲಾಯಿತು. ಎರಡನೆಯ ದಿನ ಅಗ್ನಿಶಾಮಕದವನು ಎಷ್ಟು ಕಾಯಿಸಿದರೂ ಬೆಂಕಿ ಹತ್ತದ ಎಣ್ಣೆ ತಂದ. ಅವನ ಮಗಳ ಮನೆಯ ಕೆಳಗಡೆ ಅದರ ಗೋದಾಮು. ಪಶುವೈದ್ಯನ ಅಳಿಯ ಲಾರಿ ಎಣ್ಣೆಯವನು, ಭೂದಾಖಲೆಯವನ ತಮ್ಮ ಗಡಿಯಾಚೆಯಿಂದ ತರಿಸುವವನು. ದಿನಾರಾ ತಂದದ್ದು ಹಸಿರು ಎಣ್ಣೆ. ಕಾರಿನೊಳಗೆ ಕಾಣುವುದಿಲ್ಲವಾದರೂ ಹಬ್ಬದ ಬ್ಯಾನರಿಗೆ ಹೊಂದುತ್ತದೆ ಎಂದಳು.

ಆರನೆಯ ದಿನ ಅಕ್ಸಕಾಲ್ ಬಾಯ್‌ದೊಲೊತ್ ಒಂದು ಹಿತ್ತಾಳೆ ಚೆಂಬು ತಂದು ಇಟ್ಟರು. ಒಳಗಿದ್ದದ್ದು ಕರಗಿಸಿದ ಕುರಿಬಾಲದ ಕೊಬ್ಬು.

"ನಮ್ಮಪ್ಪ ಬಂಡಿ ಅಚ್ಚಿಗೆ ಇದನ್ನೇ ಹಚ್ತಿದ್ದ. ಬಂಡಿ ಯಾವತ್ತೂ ಕೆಟ್ಟಿಲ್ಲ. ಕೆಮ್ಮಿಗೂ ಒಳ್ಳೇದು."

ಅಕ್ಸಕಾಲ್ ತಂದದ್ದನ್ನು ಬೇಡ ಅನ್ನುವ ಗಂಡಸು ಆ ಕಣಿವೆಯಲ್ಲಿ ಇನ್ನೂ ಹುಟ್ಟಬೇಕಷ್ಟೆ. ಪಶುವೈದ್ಯ ಕುಬಾತ್ ಬೆರಳದ್ದಿ ರುಚಿ ನೋಡಿ, ಶುದ್ಧವಾಗಿದೆ ಎಂದು ಪ್ರಮಾಣಪತ್ರ ಬರೆದುಕೊಟ್ಟ.

ಕಲೀಪಾಗೆ ತಡೆಯಲಾಗಲಿಲ್ಲ. ಕೆಟಲು ಕೆಳಗಿಟ್ಟು, ಅಲ್ಲಿ ಸಾಹೇಬರನ್ನು ಕರೆಯುವ ಹಾಗೆ ಅಕಿಮ್‌ನನ್ನು ಕರೆದಳು. "ಮಿರ್ಜಾ, ಒಂದು ಮಾತು. ಈ ಎಂಜಿನ್ನಿನ ಒಳಗೆ ಅರವತ್ತು ವರ್ಷದ ಮಸಿ ಪದರ ಪದರ ಕೂತಿದೆ. ಕೂತಿರೋ ತನಕ ಯಾರಿಗೂ ತೊಂದ್ರೆ ಇಲ್ಲ. ನಿಮ್ಮ ಹೊಸ ಎಣ್ಣೆಗಳೆಲ್ಲ ಒಳಗೆ ತೊಳೆಯೋ ಜಾತಿಯವು. ತೊಳೆದ್ರೆ ಮಸಿ ಎದ್ದು ಬಂದು ಎಣ್ಣೆ ಹರಿಯೋ ದಾರಿ ಕಟ್ಟುತ್ತೆ, ಎಂಜಿನ್ ಕಚ್ಚಿ ಹಿಡಿಯುತ್ತೆ. ಮೇಲಾಗಿ ತೆಳು ಎಣ್ಣೆ ಹಿಂದಿನ ಸೀಲಿನಿಂದ ಸೋರಿ ಹೋಗುತ್ತೆ, ಅಲ್ಲಿರೋದು ಹಗ್ಗದ ಸೀಲು. ಹಳೇ ಕಾರಿಗೆ ದಪ್ಪ ಸಾದಾ ಎಣ್ಣೆನೇ ಸರಿ."

ಅಕಿಮ್ ಎಲ್ಲವನ್ನೂ ಗೌರವದಿಂದ ಕೇಳಿದ. "ಅಪಾ, ನೀವು ಹೇಳಿದ್ದು ಎಂಜಿನ್ನಿನ ವಿಷಯ. ಸಮಿತಿ ಇರೋದು ಎಣ್ಣೆ ವಿಷಯಕ್ಕೆ."

"ಎಣ್ಣೆ ಹೋಗೋದು ಎಂಜಿನ್ನಿಗೇ ಅಲ್ವಾ?"

"ಅದು ಮುಂದಿನ ಹಂತ. ಇನ್ನೊಂದು ಸುತ್ತು ಚಹಾ ಕೊಡ್ತೀರಾ?"

ಆರು ದಿನ ಜಗಳವಾಡಿ ಸಮಿತಿಗೆ ಹಸಿವಾಗಿತ್ತು. ಕುರಿ ಕಡಿಯಲಾಯಿತು. ಕುರಿಯ ಮಾಂಸ ಹಂಚುವುದಕ್ಕೆ ಅಲ್ಲಿ ಸಮಿತಿ ಬೇಕಿಲ್ಲ. ಯಾವ ಮೂಳೆ ಯಾರ ತಟ್ಟೆಗೆ ಎನ್ನುವುದು ವಯಸ್ಸು, ಮರ್ಯಾದೆ ನೋಡಿ ಅಜ್ಜನ ಅಜ್ಜನ ಕಾಲದಿಂದ ಗೊತ್ತಿರುವ ಸಂಗತಿ. ತಲೆ ಅಕ್ಸಕಾಲ್ ಮುಂದೆ ಹೋಯಿತು, ಸೊಂಟದ ಮೂಳೆ ಅಕಿಮ್ ಮುಂದೆ, ತೊಡೆಯ ಮೂಳೆಗಳು ಅಗ್ನಿಶಾಮಕಕ್ಕೂ ಪಶುವೈದ್ಯನಿಗೂ, ಉಳಿದದ್ದು ಉಳಿದವರಿಗೆ. ಮೂರು ನಿಮಿಷವೂ ಹಿಡಿಯಲಿಲ್ಲ. ಯಾರ ಮುಖವೂ ಗಂಟಿಕ್ಕಲಿಲ್ಲ.

ಅಕ್ಸಕಾಲ್ ಕುರಿಯ ಕಿವಿ ಅಗಿಯುತ್ತ ಹೇಳಿದರು, "ಎಣ್ಣೇನೂ ಹೀಗೇ ಹಂಚಿದ್ರೆ ಆಯ್ತಲ್ಲ. ಕಾರಿಗೆ ಹೊಟ್ಟೆ ಒಂದೇ. ಪಾಲು ಆರು ಇರಲಿ."

ಇಷ್ಟು ಸರಳ ಮಾತು ಆರು ದಿನ ಯಾರ ತಲೆಗೂ ಹೊಳೆಯಲಿಲ್ಲವಲ್ಲ ಎಂದು ಅಕಿಮ್‌ನ ಕಣ್ಣು ಒದ್ದೆಯಾಯಿತು. ಜಾಜ್ಗುಲ್ ಬರೆದುಕೊಂಡಳು: ಅಕ್ಸಕಾಲ್ ಪಾಲು ಒಂದೂವರೆ ಲೀಟರ್, ಅಕಿಮ್ ಪಾಲು ಒಂದೂವರೆ, ಅಗ್ನಿಶಾಮಕ ಒಂದು, ಪಶುವೈದ್ಯ ಒಂದು, ಸಂಸ್ಕೃತಿ ಅರ್ಧ, ಭೂದಾಖಲೆ ಅರ್ಧ. ಹಿರಿಯರ ಎಣ್ಣೆ ಮೊದಲು ಸುರಿಯತಕ್ಕದ್ದು. ಸುರಿಯುವಾಗ ಟೋಪಿ ತೆಗೆಯತಕ್ಕದ್ದಲ್ಲ. ಖಾಲಿ ಡಬ್ಬಿ ತೊಳೆಯುವ ಹಕ್ಕು ಡ್ರೈವರಿಗೆ.

"ಇದು ಊಟ ಅಲ್ಲ ಅತಾ," ಎಂದಳು ಕಲೀಪಾ ಅಕ್ಸಕಾಲ್‌ಗೆ. "ಆರು ಜಾತಿ ಒಟ್ಟಿಗೆ ಹೋದ್ರೆ ಹಾಲು ಒಡೆದ ಹಾಗಾಗುತ್ತೆ."

"ಮದುವೆ ಮನೇಲಿ ಆರು ಜಾತಿ ಒಟ್ಟಿಗೆ ಕೂತು ತಿನ್ನಲ್ವಾ ಮಗಳೇ? ಯಾರು ಒಡೆದ್ರು?"

ಇದಕ್ಕೆ ಕಲೀಪಾ ಹತ್ತಿರ ಉತ್ತರವಿತ್ತು, ಆದರೆ ಅದು ಎಂಬತ್ತನಾಲ್ಕು ವರ್ಷದವರಿಗೆ ಹೇಳುವಂಥದ್ದಲ್ಲ.

ಎಣ್ಣೆ ಸುರಿಯುವ ಕಾರ್ಯಕ್ರಮಕ್ಕೆ ಡೋಲು ಬಂತು, ರಿಬ್ಬನ್ ಬಂತು. ಕಲೀಪಾ ಅಂದು ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಬಂದು ಹಳೆಯ ಎಣ್ಣೆ ಇಳಿಸಿದ್ದಳು. ಸುರಿದರೆ ಸುರಿದುಕೊಳ್ಳಲಿ, ಕೆಳಗಿನ ತೊಟ್ಟಿಯಲ್ಲಿ ಬಿದ್ದಿರುತ್ತದೆ. ಎಂಜಿನ್ ತಿರುಗಿದರೆ ತಾನೇ ಮೇಲೆ ಏರುವುದು. ಅವಳು ಬ್ಯಾಟರಿಯ ತಂತಿ ಬಿಚ್ಚಿ, ಕಾಣದ ಹಾಗೆ ಅಲ್ಲೇ ಮಡಿಸಿ ಇಟ್ಟಳು. ನಲವತ್ತಾರು ವರ್ಷದಲ್ಲಿ ಆ ಬಾನೆಟ್ಟಿನೊಳಗೆ ಇಣುಕಿದ ಸಾಹೇಬರು ಒಬ್ಬರೂ ಇಲ್ಲ. ಇವತ್ತು ಇಣುಕುತ್ತಾರೆ ಎನ್ನುವ ಭಯ ಅವಳಿಗಿರಲಿಲ್ಲ.

ಟೋಪಿ ತೆಗೆಯದೆ ಆರೂ ಜನ ಸುರಿದರು. ಬೆಳಗಿನ ಚಳಿಗೆ ಕೊಬ್ಬು ಗಟ್ಟಿಯಾಗಿತ್ತು. ಅಕ್ಸಕಾಲ್ ಅದನ್ನು ಚಮಚದಿಂದ ಕೆರೆದು ಕೆರೆದು ಒಳಗೆ ತಳ್ಳಿದರು. ಅಕಿಮ್ ಹಿಂದಿನ ಸೀಟಿನಲ್ಲಿ ಕೂತು ಕೈ ಬೀಸಿದ. ಕಲೀಪಾ ಕೀಲಿ ತಿರುಗಿಸಿದಳು.

ಕಾರು ಟಿಕ್ ಎಂದು ಕೂಡ ಅನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಡೋಲಿನವನು ಬಾರಿಸುವುದನ್ನು ನಿಲ್ಲಿಸಿ ಅಕಿಮ್‌ನ ಮುಖ ನೋಡಿದ.

"ಯಾಕೆ ಸುಮ್ಮನಿದೆ?" ಎಂದ ಅಕಿಮ್.

ಕಲೀಪಾ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟಳು. "ಎಣ್ಣೆ ತಪ್ಪು ಅಂತ ನಾನು ಹೇಗೆ ಹೇಳಲಿ ಮಿರ್ಜಾ. ಅದು ಸಮಿತಿ ಹೇಳಬೇಕು. ಯಾರ ಪಾಲು ತಪ್ಪು ಅಂತ ಸಮಿತಿಯೇ ಬರೀಲಿ, ನಾನು ಸಹಿ ಹಾಕ್ತೀನಿ."

ಆರು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಅಗ್ನಿಶಾಮಕದವನು ಅಕಿಮ್‌ನ ಡಬ್ಬಿ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಭೂದಾಖಲೆಯವನು ಅಕ್ಸಕಾಲ್‌ರ ಚೆಂಬು ನೋಡಿ ಹಾಗೆ ನೋಡಿದ್ದಕ್ಕೆ ತಾನೇ ಕ್ಷಮೆ ಕೇಳಿದ. ಕಡೆಗೆ ಪಶುವೈದ್ಯ ಕುಬಾತ್ ಬಾನೆಟ್ಟಿನ ಮೇಲೆ ಕಿವಿ ಇಟ್ಟು ಕೇಳಿ, ಹೊಟ್ಟೆಯ ಕಡೆ ಎರಡು ಸಲ ತಟ್ಟಿದ.

"ಏನೂ ಆಗಿಲ್ಲ. ಚೆನ್ನಾಗಿ ತಿಂದಿದೆ. ಹೊಟ್ಟೆ ತುಂಬಿದ್ದು ಏಳಲ್ಲ."

ದಿನಾರಾ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ವರದಿ ಬರೆಯುವುದು ಸುಲಭವಾಯಿತು. "ಷಟ್ಪಾಲು ಎಣ್ಣೆಯನ್ನು ತುಂಬಿದ ನಂತರ ಸದರಿ ವಾಹನವು ಹೊಗೆ ಬಿಟ್ಟಿಲ್ಲ. ಶಬ್ದ ಮಾಡಿಲ್ಲ. ಎಣ್ಣೆ ಸುಟ್ಟಿಲ್ಲ. ಪೆಟ್ರೋಲ್ ಕುಡಿದಿಲ್ಲ. ಇಂಥ ಎಣ್ಣೆ ಈ ಹಿಂದೆ ಜಿಲ್ಲೆಯಲ್ಲಿ ಬಳಕೆಯಾದ ದಾಖಲೆ ಇಲ್ಲ." ವರದಿ ಅದೇ ಮಧ್ಯಾಹ್ನ ಪ್ರಾಂತ್ಯದ ಕಚೇರಿಗೆ ಹೋಯಿತು.

"ಆದ್ರೆ ಮೆರವಣಿಗೆ?" ಎಂದು ಕೇಳಿದಳು ಜಾಜ್ಗುಲ್.

"ಕಟ್ಟೆ ಹತ್ತಿಸೋದೇ," ಎಂದ ಅಕಿಮ್. "ಎಂಜಿನ್ ಗುಜರಿಗೆ."

ಕಲೀಪಾ ಕಾರಿನಿಂದ ಇಳಿದು ಬಾಗಿಲು ಹಾಕಿದಳು. "ಹತ್ತಿಸಿ ಮಿರ್ಜಾ. ಪ್ರಾಂತ್ಯದವರು ಹಬ್ಬಕ್ಕೆ ಬಂದಾಗ, ಅಷ್ಟು ಒಳ್ಳೇ ಎಣ್ಣೆ ಕುಡಿದ ಎಂಜಿನ್ ಎಲ್ಲಿ ಅಂತ ಕೇಳ್ತಾರೆ. ಗುಜರಿ ಅಂಗಡಿ ದಾರಿ ನಾನೇ ತೋರಿಸ್ತೀನಿ."

ಅಕಿಮ್ ಯೋಚಿಸಿದ. ಪಕ್ಕದಲ್ಲಿ ನಿಂತಿದ್ದ ಅವನ ಭಾವಮೈದುನನೂ ಯೋಚಿಸಿದಂತೆ ಕಾಣಿಸಿತು. ಆಗ ಅಕ್ಸಕಾಲ್ ಗಡ್ಡ ನೀವಿಕೊಂಡು ಹೇಳಿದರು, "ಚಕ್ರ ಇದೆ ತಾನೇ? ಯಾರು ಎಳೀತಾರೆ ಅಂತ ಚಕ್ರಕ್ಕೇನು ಗೊತ್ತು. ಮುಂದೆ ಒಂದು ಕುದುರೆ ಕಟ್ಟಿ."

ಹೀಗೆ ನಿಯಮ ಹುಟ್ಟಿತು: ಷಟ್ಪಾಲು ಎಣ್ಣೆ ತುಂಬಿದ ಐತಿಹಾಸಿಕ ವಾಹನ ರಸ್ತೆಗೆ ಬರುವಾಗ ಅದರ ಮುಂದೆ ಒಂದು ಕುದುರೆಯನ್ನು ಹಗ್ಗದಿಂದ ಕಟ್ಟಿರತಕ್ಕದ್ದು.

ಹಬ್ಬಕ್ಕೆ ಮೂರು ದಿನವಿತ್ತು. ಕಲೀಪಾ ಒಂದು ಚೀಲ ಒಣ ಮೊಸರುಂಡೆ ಹೊತ್ತು ಜೋಲ್ಚು ಅಂಗಡಿಗೆ ಹೋದಳು. ಅವಳ ಮೊಸರುಂಡೆಗೆ ಊರಲ್ಲಿ ಹೆಸರಿದೆ.

"ಆರು ಲೀಟರ್ ಸಾದಾ," ಎಂದಳು.

"ಸಮಿತಿ ಆರಿಸಿದ್ದು ನನ್ನ ಹತ್ರ ಇಲ್ಲ ಅಪಾ," ಎಂದ ಜೋಲ್ಚು. "ಕುರಿ ಬೇರೆ ಕಡೀಬೇಕಂತೆ ಅದಕ್ಕೆ."

"ಬಾಯಿ ಮುಚ್ಚಿಕೊಂಡು ಅಳಿ."

ಅವನು ಅಳೆದ. ಕೈಗೆ ಬಂದಷ್ಟು ಮೊಸರುಂಡೆಯನ್ನು ಬಾಯಿಗೆ ಹಾಕಿಕೊಂಡಿದ್ದರಿಂದ ಹೇಗೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಶೆಡ್ಡಿನ ಬಾಗಿಲು ಹಾಕಿಕೊಂಡು ಕಲೀಪಾ ಕಾರಿನ ಅಡಿಗೆ ತೂರಿದಳು. ತೊಟ್ಟಿಯ ಬಿರಡೆ ಬಿಚ್ಚಿದರೆ ಐದು ಎಣ್ಣೆ ಇಳಿದವು, ಆರನೆಯದು ಇಳಿಯಲೊಲ್ಲದು. ಚಳಿಗಾಲದಲ್ಲಿ ಎಲ್ಲ ಡ್ರೈವರುಗಳೂ ಮಾಡುವ ಹಾಗೆ ಬ್ಲೋಲ್ಯಾಂಪ್ ಹಚ್ಚಿ ತೊಟ್ಟಿಯನ್ನು ದೂರದಿಂದ ಬೆಚ್ಚಗೆ ಮಾಡಿದಳು. ಅಕ್ಸಕಾಲ್‌ರ ಪಾಲು ಹಬ್ಬದ ಅಡುಗೆಯ ಪರಿಮಳ ಬೀರುತ್ತ ನಿಧಾನವಾಗಿ ಕೆಳಗೆ ಬಂತು. ಶೆಡ್ಡಿನ ಹೊರಗೆ ನಾಲ್ಕು ನಾಯಿಗಳು ಬಂದು ಕೂತವು. ತೊಟ್ಟಿಯನ್ನು ಡೀಸೆಲ್ಲಿನಿಂದ ತೊಳೆದು, ಒಣಗಿಸಿ, ದಪ್ಪ ಕಂದು ಎಣ್ಣೆ ಸುರಿದು, ತಂತಿ ಸಿಕ್ಕಿಸಿ, ಕೀಲಿ ತಿರುಗಿಸಿದಳು. ಅದು ಕೆಮ್ಮಿತು. ಗಂಟಲು ಸರಿಮಾಡಿಕೊಂಡಿತು. ಗುರುಗುಟ್ಟಿತು. ಕಲೀಪಾ ತಲೆಯ ಚೌಕದಿಂದ ಮುಖ ಒರೆಸಿಕೊಂಡು ನೋಟುಬುಕ್ಕು ತೆಗೆದಳು.

ಹಬ್ಬದ ಬೆಳಿಗ್ಗೆ ವೋಲ್ಗಾವನ್ನು ಓಡಿಸಿಕೊಂಡೇ ಬಜಾರಿಗೆ ಬಂದಳು. ಕಾರು ಓಡಿತು, ಇನ್ನು ಕುದುರೆ ಬೇಡ, ಎಲ್ಲರಿಗೂ ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಅಷ್ಟು ವರ್ಷ ಸರ್ಕಾರಿ ನೌಕರಿ ಮಾಡಿಯೂ ಅವಳಲ್ಲಿ ಇಂಥ ಸಣ್ಣಪುಟ್ಟ ದೋಷಗಳು ಉಳಿದಿದ್ದವು.

ಅಗ್ನಿಶಾಮಕದವನು ಕೈ ಅಡ್ಡ ಹಿಡಿದ. "ಇದೇನಿದು ಶಬ್ದ?"

"ಎಂಜಿನ್."

"ಎಂಜಿನ್ ಶಬ್ದ ಮಾಡಲ್ಲ ಅಂತ ನಾವು ಪ್ರಾಂತ್ಯಕ್ಕೆ ಬರೆದು ಕೊಟ್ಟಿದ್ದೀವಿ ಅಪಾ."

ಅಕಿಮ್ ಬಂದ, ಜಾಜ್ಗುಲ್ ಬಂದಳು, ನಿಂತಲ್ಲೇ ಒಂದು ನೋಟಿಸು ತಯಾರಾಯಿತು: "ತಾವು ಕುದುರೆಯಿಲ್ಲದೆ ಕಾರನ್ನು ಚಲಾಯಿಸಿ ಸಾರ್ವಜನಿಕರಲ್ಲಿ ಗೊಂದಲ ಉಂಟುಮಾಡಿರುತ್ತೀರಿ." ಕಲೀಪಾ ಸಹಿ ಹಾಕಿ ನಕಲು ಇಸಿದುಕೊಂಡಳು. ಅಷ್ಟರಲ್ಲಿ ಪ್ರಾಂತ್ಯದ ಅತಿಥಿಗಳ ಕಾರುಗಳು ಬೀದಿಯ ತುದಿಯಲ್ಲಿ ಕಾಣಿಸಿದವು. ಒಂದು ಬೂದು ಕುದುರೆಯನ್ನು ಅವಸರದಲ್ಲಿ ತಂದು ಮುಂದೆ ಕಟ್ಟಿದರು.

"ಈಗ ಎಂಜಿನ್ ಆಫ್ ಮಾಡಿ," ಎಂದ ಅಕಿಮ್ ಹಿಂದಿನ ಸೀಟಿನಿಂದ.

"ಜಾಜ್ಗುಲ್, ಮಗಳೇ," ಎಂದಳು ಕಲೀಪಾ ಕಿಟಕಿಯಿಂದ. "ಕುದುರೆ ಇರಬೇಕು ಅಂತ ನಿಯಮ ಇದೆ. ಎಂಜಿನ್ ಆಫ್ ಇರಬೇಕು ಅಂತ ಎಲ್ಲಿದೆ, ಓದು."

ಜಾಜ್ಗುಲ್ ಓದಿದಳು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು. "ಇಲ್ಲ ಮಿರ್ಜಾ. ಅದಕ್ಕೆ ತಿದ್ದುಪಡಿ ಬೇಕು. ತಿದ್ದುಪಡಿಗೆ ಸಭೆ ಕರೀಬೇಕು, ಸಭೆಗೆ ಏಳು ದಿನ ಮುಂಚೆ ತಿಳಿಸಬೇಕು. ಊಟವೂ ಆಗಬೇಕು."

ಅಕಿಮ್ ಬೀದಿಯ ತುದಿ ನೋಡಿದ. "ಡೋಲು ಜೋರಾಗಿ ಬಾರಿಸಕ್ಕೆ ಹೇಳಿ."

ಡೋಲು ಜೋರಾಗಿ ಬಾರಿಸಿದರು. ಕುದುರೆ ಹೆಜ್ಜೆ ಹಾಕಿತು. ಹಿಂದೆ ಕಲೀಪಾ ಮೊದಲನೆಯ ಗೇರಿನಲ್ಲಿ, ಕುದುರೆಯ ಬಾಲಕ್ಕೆ ಎರಡು ಮಾರು ದೂರ ಬಿಟ್ಟು, ವೋಲ್ಗಾವನ್ನು ನಡೆಸಿಕೊಂಡು ಹೊರಟಳು. ಮೈದಾನದ ಏರಿನಲ್ಲಿ ಹಗ್ಗ ಎಷ್ಟು ಸಡಿಲವಾಯಿತೆಂದರೆ ಅದು ನೆಲ ಗುಡಿಸುತ್ತ ಬಂತು. ಕುದುರೆಗೆ ಎಳೆಯುವ ಕೆಲಸವೇ ಇರಲಿಲ್ಲ, ಆಚೆ ಈಚೆ ಅಂಗಡಿಗಳನ್ನು ನೋಡುತ್ತ ಹೋಯಿತು. ಬೀದಿಯ ಎರಡೂ ಕಡೆ ಜನ ನಿಂತು ನೋಡಿದರು. ಹಗ್ಗವನ್ನೂ ನೋಡಿದರು. ಹಗ್ಗ ಬಿಗಿಯಾಗಿರಬೇಕೆಂದು ನಿಯಮದಲ್ಲಿ ಇಲ್ಲವೆನ್ನುವುದು ಅವರಿಗೂ ಗೊತ್ತಿದ್ದಿರಬೇಕು.

ಪ್ರಾಂತ್ಯದ ಅತಿಥಿ ವೇದಿಕೆಯಿಂದ ಬಗ್ಗಿ ಕೇಳಿದ, "ಇಷ್ಟು ಭಾರದ ಕಾರನ್ನ ಒಂದೇ ಕುದುರೆ ಏರು ಹತ್ತಿಸ್ತಲ್ಲ. ಬೆವರೂ ಇಲ್ಲ."

"ಎಣ್ಣೆ ಸಾಹೇಬರೇ," ಎಂದ ಅಕಿಮ್. "ಎಲ್ಲ ಎಣ್ಣೆಯ ಗುಣ."

ಷಟ್ಪಾಲು ಎಣ್ಣೆ ಮುಂದಿನ ತಿಂಗಳಿಂದ ಪ್ರಾಂತ್ಯದ ಎಲ್ಲ ಸರ್ಕಾರಿ ವಾಹನಗಳಿಗೂ ಕಡ್ಡಾಯವಾಯಿತು. ಅವುಗಳಲ್ಲಿ ಈಗ ಯಾವುದೂ ಹೊಗೆ ಬಿಡುವುದಿಲ್ಲ, ಶಬ್ದ ಮಾಡುವುದಿಲ್ಲ. ಬೆಳಿಗ್ಗೆ ಹೊತ್ತು ಕಚೇರಿಗಳ ಮುಂದೆ ಕುದುರೆ ಕಟ್ಟಿದ ಕಾರುಗಳು ಸಾಲಾಗಿ ನಿಂತಿರುತ್ತವೆ. ಆಂಬುಲೆನ್ಸಿಗೆ ತುರ್ತು ಸೇವೆಯೆಂದು ಎರಡು ಕುದುರೆ ಕೊಟ್ಟಿದ್ದಾರೆ. ಅಕಿಮ್‌ನ ಭಾವಮೈದುನ ಎಣ್ಣೆ ವ್ಯಾಪಾರದ ಜೊತೆಗೆ ಕುದುರೆ ವ್ಯಾಪಾರವನ್ನೂ ಶುರು ಮಾಡಿದ್ದಾನೆ. ಗಾಳಿ ಚೊಕ್ಕಟವಾಗಿದೆ ಎಂದು ಜನ ಹೇಳುತ್ತಾರೆ, ಕೆಳಗೆ ನೋಡಿಕೊಂಡು ನಡೆಯಬೇಕು ಅಷ್ಟೆ.

ವೋಲ್ಗಾ ಕಟ್ಟೆ ಹತ್ತಲಿಲ್ಲ. ಬೂದು ಕುದುರೆಗೂ ಅದೇ ಶೆಡ್ಡಿನಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಕುದುರೆಗೆ ಯಾವ ಮೇವು ಯೋಗ್ಯ ಎಂದು ಆರಿಸಲು ಉನ್ನತ ಸಮಿತಿ ರಚನೆಯಾಗಿದೆ, ಆರು ಸದಸ್ಯರು. ಅವರು ಆರಿಸುವ ತನಕ ಕಲೀಪಾ ಮನೆಯಿಂದ ಹುಲ್ಲು ತಂದು ಹಾಕುತ್ತಾಳೆ.

"ಅಪಾ, ದಿನಾ ನೀವ್ಯಾಕೆ ಹೊರ್ತೀರಿ?" ಎಂದು ಜಾಜ್ಗುಲ್ ಮೊನ್ನೆ ಕೇಳಿದಳು. "ಎರಡು ಸಾಲು ಅರ್ಜಿ ಬರೀರಿ."

ಕಲೀಪಾ ಹುಲ್ಲಿನ ಹೊರೆ ಇಳಿಸಿ, ಅವಳ ಕೈಗೆ ಎರಡು ಮೊಸರುಂಡೆ ಕೊಟ್ಟು, ಒಳಗೆ ಹೋಗಿ ಶೆಡ್ಡಿನ ಬಾಗಿಲು ಹಾಕಿಕೊಂಡಳು. ಭಾನುವಾರವಾಗಿತ್ತು. ವೋಲ್ಗಾ ಕೆಮ್ಮಿತು, ಗುರುಗುಟ್ಟಿತು. ಕುದುರೆ ಒಮ್ಮೆ ಕಿವಿ ಅಲುಗಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಕಲೀಪಾ ನೋಟುಬುಕ್ಕು ತೆಗೆದು ಈಗಿನ ನಿಯಮದ ಪ್ರಕಾರ ಬರೆದಳು: "ಎರಡೂ ಎದ್ದವು."